ನೀವು ಯಾರನ್ನು ಕೇಳಿದಿರಿ?

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು, ಹೊಟ್ಟೆಪಾಡಿಗೆ ನಾನೇನು ಮಾಡುತ್ತೇನೆ ಅಂತ ಒಂದು ಸಾಲು ಬರೆದಿದ್ದೆ. ನೀರು, ಹೊಲ, ಕೆರೆ, ಪುನರ್ವಸತಿ ಇಂಥ ಯೋಜನೆಗಳಲ್ಲಿ ನಾನು ‘ಜೆಂಡರ್ ಎಕ್ಸ್‌ಪರ್ಟ್’ ಅಂತ. ಅಂದರೆ ಆ ಯೋಜನೆ ಹೆಂಗಸರಿಗೆ ಹೇಗೆ ತಟ್ಟುತ್ತದೆ, ಗಂಡಸರಿಗೆ ಹೇಗೆ ಅಂತ ನೋಡುವವಳು. ಸಂಪಾದಕರು ಈ ಸಲ ಒಂದು ಕಟ್ಟು ಪತ್ರ ಕಳಿಸಿ, ‘ನೀವೇ ಹಚ್ಚಿದ ಬೆಂಕಿ, ನೀವೇ ಆರಿಸಿ’ ಅಂದಿದ್ದಾರೆ. ನವನಗರದ ನಮ್ಮ ಮನೆಯಲ್ಲಿ ಎರಡು ರಾತ್ರಿ ಕೂತು ಓದಿದೆ. ಕೆಲವು ಪತ್ರ ಬೈದಿವೆ. ಅವೂ ಇಲ್ಲಿವೆ.

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯೂ ಮುಗಿಸಿದ್ದೇನೆ. ಕುಡಿಯುವ ನೀರಿನ ಯೋಜನೆಯೊಂದಕ್ಕೆ ‘ಜೆಂಡರ್ ಸ್ಪೆಷಲಿಸ್ಟ್’ ಬೇಕು ಅಂತ ಜಾಹೀರಾತು ನೋಡಿದೆ. ಅಪ್ಪನಿಗೆ ತೋರಿಸಿದರೆ ನಕ್ಕರು. ‘ಹೆಣ್ಮಕ್ಕಳ ಕಷ್ಟ ತಿಳ್ಕೊಳ್ಳಾಕ ಎಕ್ಸ್‌ಪರ್ಟ್ ಯಾಕ ಬೇಕ? ನಿಮ್ಮವ್ವನ ಕೇಳಿದ್ರ ಸಾಲೂದಿಲ್ಲೇನು?’ ಅಂದರು. ಈ ಕೆಲಸದಲ್ಲಿ ನಿಜವಾಗಿ ಮಾಡುವುದೇನು?
(ಓದುಗರು, ಜಮಖಂಡಿ)

ತಂಗಿ, ನಿಮ್ಮಪ್ಪಾಜಿ ಹೇಳಿದ್ದು ಸರಿ. ಅವ್ವನನ್ನು ಕೇಳಿದರೆ ಸಾಕು. ಆದರೆ ಯಾರೂ ಕೇಳುವುದಿಲ್ಲ. ಕೇಳಲಿಕ್ಕೇ ಸಂಬಳ ಕೊಟ್ಟು ಒಬ್ಬರನ್ನು ಇಡಬೇಕಾಗಿದೆ. ಆ ಒಬ್ಬರು ನಾನು, ನಾಳೆ ನೀವು.

ಒಂದು ಊರಿನ ಕತೆ ಹೇಳುತ್ತೇನೆ. ವಿಜಯಪುರ ಜಿಲ್ಲೆಯದು, ಹೆಸರು ಬೇಡ. ಮನೆಮನೆಗೆ ನಲ್ಲಿ ಬಂದಿತ್ತು. ತಲೆಗೆ ದಿನಕ್ಕೆ 55 ಲೀಟರ್ ಅನ್ನುವುದು ಜಲ ಜೀವನ್ ಮಿಷನ್ನಿನ ಲೆಕ್ಕ. ಆ ಲೆಕ್ಕ ಕಾಗದದಲ್ಲಿ ಸರಿಯಾಗಿತ್ತು. ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಆ ಹೆಸರುಗಳೂ ಇದ್ದವು. ನನ್ನ ಕೆಲಸ ವರದಿ ಬರೆಯುವುದು. ಸಂಜೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ಗಂಡಸರು ಸೇರಿದರು. ‘ನೀರು ಚಲೋ ಬರ್ತಾವ್ರಿ ಮೇಡಂ, ಏನೂ ತ್ರಾಸಿಲ್ಲ’ ಅಂದರು. ಬರೆದುಕೊಂಡು ಬಂದಿದ್ದರೆ ವರದಿ ಅಲ್ಲಿಗೇ ಮುಗಿಯುತ್ತಿತ್ತು.

ರಾತ್ರಿ ಅಂಗನವಾಡಿ ಅಕ್ಕನ ಮನೆಯಲ್ಲಿ ಉಳಿದೆ. ಎರಡು ಗಂಟೆಗೆ ಹೊರಗೆ ಕೊಡಗಳ ಸದ್ದು. ಎದ್ದು ನೋಡಿದರೆ ಓಣಿ ತುಂಬ ಹೆಂಗಸರು. ಹಂಡೆ, ಬ್ಯಾರಲ್, ಬಕೆಟು, ಕೊನೆಗೆ ಮಕ್ಕಳ ನೀರಿನ ಬಾಟಲಿ ಕೂಡ. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತಿತ್ತು. ಟ್ಯಾಂಕ್ ಆಗ ತುಂಬುತ್ತಿತ್ತು. ತುಂಬಿದ ಕೂಡಲೇ ವಾಟರ್‌ಮನ್ ವಾಲ್ವ್ ತಿರುಗಿಸಿ ಮನೆಗೆ ಹೋಗಿ ಮಲಗುತ್ತಿದ್ದ. ಅವನ ತಪ್ಪೂ ಅಲ್ಲ. ಯಾವ ಹೊತ್ತಿಗೆ ಬಿಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೆಂಗಸರು ಎರಡರಿಂದ ನಾಲ್ಕರವರೆಗೆ ನೀರು ತುಂಬಿ, ಒಂದು ತಾಸು ಅಡ್ಡಾಗಿ, ಐದಕ್ಕೆ ರೊಟ್ಟಿ ತಟ್ಟಲು ಕೂರುತ್ತಿದ್ದರು. ನೀರು ಚಲೋ ಬರುತ್ತಿತ್ತು, ನಿಜ. ಗುಡಿ ಕಟ್ಟೆಯವರು ಆಗ ನಿದ್ದೆಯಲ್ಲಿರುತ್ತಿದ್ದರು, ಅಷ್ಟೇ.

ನಮ್ಮ ಕೆಲಸ ಇಲ್ಲಿಂದ ಶುರುವಾಗುತ್ತದೆ. ಒಂದು ಡ್ರಾಯಿಂಗ್ ಶೀಟಿನಲ್ಲಿ ಇಪ್ಪತ್ನಾಲ್ಕು ತಾಸಿಗೆ ಇಪ್ಪತ್ನಾಲ್ಕು ಚೌಕ ಗೀಚಿ, ಯಾವ ತಾಸಿಗೆ ಏನು ಮಾಡುತ್ತೀರಿ ಅಂತ ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆ ಕೂರಿಸಿ ತುಂಬಿಸಿದೆ. ಜೋಳದ ಕಾಳು ಇಟ್ಟು ತುಂಬಿಸಿದರು. ಎರಡೂ ಹಾಳೆ ಪಕ್ಕಪಕ್ಕ ಹಾಸಿದಾಗ ಒಬ್ಬ ಕಾಕಾ, ‘ಏ, ಇವ್ರು ಮಲಗೂದ ಯಾವಾಗಲೇ?’ ಅಂದ. ನಾನು ಬಾಯಿ ಬಿಡಬೇಕಾಗಲಿಲ್ಲ. ದೇಶದ ಲೆಕ್ಕವೂ ಹೀಗೇ ಇದೆ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರ ಪಾಲು ದಿನಕ್ಕೆ 299 ನಿಮಿಷ, ಗಂಡಸರದು 97. ಆದರೆ ಆ ಊರಿಗೆ ನಾಟಿದ್ದು ಜೋಳದ ಕಾಳು, 299 ಅಲ್ಲ.

ಇನ್ನು ಕಾಗದದ ಕೆಲಸ. ಅದು ಜಾಸ್ತಿ ಇದೆ, ಬೇಜಾರೂ ಹೌದು. ಯೋಜನೆ ಶುರುವಾಗುವ ಮೊದಲು ಯಾರು ಏನು ಮಾಡುತ್ತಾರೆ, ಯಾವುದನ್ನು ಯಾರು ಬಳಸುತ್ತಾರೆ, ಅದರ ಮೇಲೆ ಹಿಡಿತ ಯಾರದು ಅಂತ ಬರೆಯಬೇಕು. ಬಳಕೆ ಬೇರೆ, ಹಿಡಿತ ಬೇರೆ. ಎಮ್ಮೆಯ ಸೆಗಣಿ, ಮೇವು, ಹಾಲು ಕರೆಯುವುದು ಅವಳದು. ಡೇರಿ ಪಾಸ್‌ಬುಕ್ ಅವನದು. ಇಷ್ಟು ಹೇಳಿದರೆ ನಮ್ಮ ಊರಿನ ಯಾರಿಗಾದರೂ ತಿಳಿಯುತ್ತದೆ, ಇದನ್ನೇ ನಾವು ಇಂಗ್ಲಿಷಿನಲ್ಲಿ ಎಂಟು ಪುಟ ಬರೆಯುತ್ತೇವೆ. ಆಮೇಲೆ ‘ಜೆಂಡರ್ ಆಕ್ಷನ್ ಪ್ಲಾನ್’. ಹವಾಮಾನ ಬದಲಾವಣೆಯ ಕೆಲಸಗಳಿಗೆ ದುಡ್ಡು ಕೊಡುವ ಅಂತರರಾಷ್ಟ್ರೀಯ ‘ಹಸಿರು ಹವಾಮಾನ ನಿಧಿ’ಗೆ (ಗ್ರೀನ್ ಕ್ಲೈಮೇಟ್ ಫಂಡ್) ಹೋಗುವ ಪ್ರತಿ ಪ್ರಸ್ತಾವದ ಜೊತೆ ಇದು ಇರಲೇಬೇಕು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕೂ ತನ್ನ ಬಹಳಷ್ಟು ಯೋಜನೆಗಳಿಗೆ ಕೇಳುತ್ತದೆ. ಏನು ಮಾಡುತ್ತೀರಿ, ಯಾರು ಮಾಡುತ್ತಾರೆ, ಯಾವಾಗ, ಎಷ್ಟು ದುಡ್ಡು ಅಂತ ಸಾಲುಸಾಲಾಗಿ ಇರಬೇಕು. ದುಡ್ಡಿನ ಕಾಲಂ ಖಾಲಿ ಇದ್ದರೆ ಆ ಪ್ಲಾನ್ ಅನ್ನು ಮಡಚಿ ಕಿಟಕಿ ಸಂದಿಗೆ ಇಡಬಹುದು, ಗಾಳಿ ಬರುವುದು ನಿಲ್ಲುತ್ತದೆ.

ಉಳಿದ ಹೊತ್ತು ಇಂಜಿನಿಯರುಗಳ ಕೋಣೆಯ ಹೊರಗೆ ಕಾಯುವುದು. ನಕ್ಷೆಗೆ ಸಹಿ ಬೀಳುವ ಮೊದಲು ಅರ್ಧ ತಾಸು ಸಿಕ್ಕರೆ ನಲ್ಲಿ ಕಟ್ಟೆ ಎಷ್ಟು ಎತ್ತರ ಇರಬೇಕು, ಟ್ಯಾಂಕ್ ಎಲ್ಲಿ ಕೂರಬೇಕು ಅಂತ ಹೇಳಬಹುದು. ಸಹಿ ಬಿದ್ದ ಮೇಲೆ ಸಿಕ್ಕರೆ ಚಹಾ ಕುಡಿದು ಬರಬಹುದು.

ಆ ಊರಲ್ಲಿ ಕೊನೆಗೆ ವಾಲ್ವ್ ತಿರುಗಿಸುವ ಹೊತ್ತನ್ನು ಬೆಳಿಗ್ಗೆ ಆರಕ್ಕೆ ಬದಲಿಸಿದರು. ಪೈಪು ಬದಲಿಸಲಿಲ್ಲ, ಟ್ಯಾಂಕ್ ಬದಲಿಸಲಿಲ್ಲ. ಇದನ್ನು ನಾನು ಹತ್ತಾರು ತರಬೇತಿಗಳಲ್ಲಿ ಎದೆ ಉಬ್ಬಿಸಿ ಹೇಳಿಕೊಂಡಿದ್ದೇನೆ. ಇದಕ್ಕೊಂದು ಬಾಲ ಇದೆ. ಕೊನೆಯ ಪತ್ರದಲ್ಲಿ ಹೇಳುತ್ತೇನೆ.

ಅರ್ಜಿ ಹಾಕಿ ತಂಗಿ. ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ನಾನು ನಿವೃತ್ತ ಇಂಜಿನಿಯರ್. ಮೂವತ್ತು ವರ್ಷ ನೀರಾವರಿಯಲ್ಲಿ ಕೆಲಸ ಮಾಡಿದ್ದೇನೆ. ಅಣೆಕಟ್ಟಿಗೆ, ಕಾಲುವೆಗೆ, ಪೈಪಿಗೆ ಗಂಡು ಹೆಣ್ಣು ಅಂತಿಲ್ಲ. ನೀರು ಎಲ್ಲರ ಹೊಲಕ್ಕೂ ಒಂದೇ ಥರ ಹರಿಯುತ್ತದೆ. ಈ ಜೆಂಡರ್ ಅನ್ನುವುದು ವಿದೇಶಿ ದುಡ್ಡಿನ ಜೊತೆ ಬಂದ ಷರತ್ತು, ಅಷ್ಟೇ ಅಲ್ವಾ?
(ಓದುಗರು, ಬಾಗಲಕೋಟೆ)

ಸರ್, ಷರತ್ತಿನ ಜೊತೆ ಬಂದದ್ದು ಹೌದು, ಒಪ್ಪಿದೆ. ಆದರೆ ಷರತ್ತು ಬರುವ ಮೊದಲೇ ನಮ್ಮ ಮನೆಯಲ್ಲಿ ಆ ವಿಷಯ ಇತ್ತು.

ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದರ ಹಿನ್ನೀರು ಬೀಳಗಿ ಕಡೆಯ ನಮ್ಮ ಹೊಲಕ್ಕೆ ಬರುವ ಹೊತ್ತಿಗೆ ನಾನು ಹೈಸ್ಕೂಲು. ಹೊಲ, ಮನೆ, ಬಾವಿ, ಗಿಡ ಎಲ್ಲ ಅಳೆದರು, ಎಣಿಸಿದರು. ಎಣಿಸದೇ ಬಿಟ್ಟದ್ದು ನಮ್ಮ ಆಯಿಯದು, ಅಂದರೆ ಅಜ್ಜಿಯದು. ಬೇಸಿಗೆಯಲ್ಲಿ ಕೃಷ್ಣೆ ಇಳಿದಾಗ ಹೊಳೆಯ ಮೆಕ್ಕಲು ಮಣ್ಣಿನಲ್ಲಿ ಆಕೆ ಸೌತೆಕಾಯಿ, ಬದನೆ ಹಾಕುತ್ತಿದ್ದಳು. ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದಳು. ಆ ದುಡ್ಡು ಆಕೆಯ ಎಲೆ ಅಡಿಕೆ ಚೀಲದಲ್ಲೇ ಇರುತ್ತಿತ್ತು. ನನ್ನ ಮೊದಲ ಕಂಪಾಸ್ ಪೆಟ್ಟಿಗೆ ಬಂದದ್ದು ಆ ಚೀಲದಿಂದ. ಹೊಳೆದಂಡೆ ಯಾರ ಉತಾರದಲ್ಲೂ (ಪಹಣಿಯಲ್ಲೂ) ಇರಲಿಲ್ಲ. ಹಾಗಾಗಿ ಅದು ಮುಳುಗಿದ್ದಕ್ಕೆ ಲೆಕ್ಕವೂ ಇಲ್ಲ. ಪರಿಹಾರ ಬಂದದ್ದು ಮುತ್ಯಾನ ಹೆಸರಿಗೆ. ಮುತ್ಯಾ ತೀರಿಕೊಂಡ ಮೇಲೆ ಅಪ್ಪ, ಕಾಕಾಂದಿರು ಹಂಚಿಕೊಂಡರು. ಆಯಿ ಒಬ್ಬೊಬ್ಬ ಮಗನ ಮನೆಯಲ್ಲಿ ಮೂರು ಮೂರು ತಿಂಗಳು ಇದ್ದಳು. ಸೀರೆ ಗಂಟು ಕಟ್ಟಿಕೊಂಡು ಬರುತ್ತಿದ್ದಳು, ಕಟ್ಟಿಕೊಂಡು ಹೋಗುತ್ತಿದ್ದಳು. ಯಾರೂ ಆಕೆಯನ್ನು ಹಸಿದಿಡಲಿಲ್ಲ. ಆದರೆ ಆ ಎಲೆ ಅಡಿಕೆ ಚೀಲದಲ್ಲಿ ಆಮೇಲೆ ಎಲೆ ಅಡಿಕೆ ಬಿಟ್ಟು ಬೇರೇನೂ ಇರಲಿಲ್ಲ.

2013ರ ಭೂಸ್ವಾಧೀನ ಕಾಯ್ದೆ ಈ ತೂತನ್ನು ಸ್ವಲ್ಪ ಹೊಲಿಯಿತು. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು, ಇವರನ್ನು ಬೇರೆಯೇ ಕುಟುಂಬ ಅಂತ ಲೆಕ್ಕ ಹಿಡಿಯಬೇಕು ಅಂತ ಅದರಲ್ಲಿದೆ. ಭೂಮಿ ಹಿಡಿಯುವ ಮೊದಲು ಸಾಮಾಜಿಕ ಪರಿಣಾಮ ಏನಾಗುತ್ತದೆ ಅಂತ ನೋಡಬೇಕು ಅಂತಲೂ ಇದೆ. ಹೊಳೆದಂಡೆಯ ಸೌತೆಕಾಯಿ ಆ ಅಧ್ಯಯನದಲ್ಲಿ ಬರಬೇಕಾದರೆ ಒಬ್ಬರು ಹೋಗಿ ಆಯಿಯ ಹತ್ತಿರ ಕೂರಬೇಕು. ಆ ಹುದ್ದೆಗೆ ನೀವು ಏನು ಬೇಕಾದರೂ ಹೆಸರಿಡಿ ಸರ್.

ಇನ್ನು ಕಾಲುವೆ. ನೀರು ಬಳಕೆದಾರರ ಸಹಕಾರ ಸಂಘ ಮಾಡಿದಿರಿ. ಸದಸ್ಯರು ಯಾರು? ಅಚ್ಚುಕಟ್ಟಿನಲ್ಲಿ ಹೊಲ ಇದ್ದವರು. ಹೊಲ ಯಾರ ಹೆಸರಲ್ಲಿ? 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14. ಕಳೆ ತೆಗೆಯುವುದು, ಶೇಂಗಾ ಕೀಳುವುದು, ಹತ್ತಿ ಬಿಡಿಸುವುದು ಯಾರು ಅಂತ ಕೇಳಿದರೆ ಬೇರೆಯೇ ಲೆಕ್ಕ ಬರುತ್ತದೆ. ಪೈಪಿಗೆ ಗಂಡು ಹೆಣ್ಣು ಇಲ್ಲ ಸರ್, ಉತಾರಕ್ಕೆ ಇದೆ.

ಕಾಯ್ದೆ ಇಲ್ಲವೇ ಅಂತ ಕೇಳಬಹುದು. ಇದೆ. ಕರ್ನಾಟಕದಲ್ಲಿ 1994ರಲ್ಲೇ, ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ, ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 2005ರಲ್ಲಿ ದೇಶಕ್ಕೆಲ್ಲ, ಮದುವೆಯಾದವರಿಗೂ. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ಬಿಡಿಸಿತು. ಆದರೆ ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರ ಮುಂದೆ ಉಂಡಿ ತಟ್ಟೆಯ ಪಕ್ಕ ಹಕ್ಕು ಬಿಟ್ಟುಕೊಡುವ ಪತ್ರವೂ ಬರುತ್ತದೆ. ಒಂದು ಇಳಕಲ್ ಸೀರೆ, ಒಂದು ಕುಬಸ, ಒಂದು ಸಹಿ. ನಾನೂ ಹಾಕಿದ್ದೇನೆ ಅಂದರೆ ನಂಬುತ್ತೀರಾ? ಹನ್ನೊಂದು ವರ್ಷ ಈ ಕೆಲಸ ಮಾಡಿದ ಮೇಲೆ ಹಾಕಿದ್ದು. ಅಣ್ಣ ಸಾಲದಲ್ಲಿದ್ದ, ಅವ್ವ ಅಳುತ್ತಿದ್ದಳು. ತವರಿನ ಬಾಗಿಲು ಮುಚ್ಚಿಬಿಡುತ್ತದೆ ಅನ್ನುವ ಭಯ ಎಂಥದು ಅಂತ ನನಗೆ ಆವತ್ತು ಗೊತ್ತಾಯಿತು. ಅಂದಿನಿಂದ ‘ಹಕ್ಕು ಕೇಳಿ, ಹಕ್ಕು ಕೇಳಿ’ ಅಂತ ಭಾಷಣ ಮಾಡುವುದನ್ನು ಕಡಿಮೆ ಮಾಡಿದ್ದೇನೆ.

ಪ್ರಶ್ನೆ: ಗಂಡಸರು ಈ ಕೆಲಸ ಮಾಡಬಹುದಾ?
(ಓದುಗರು, ಇಂಡಿ)

ಮಾಡಬಹುದು. ಮಾಡಬೇಕು. ನನ್ನ ಜೊತೆ ಕೆಲಸ ಮಾಡಿದ ಹುಡುಗನೊಬ್ಬ ಚಹಾದಂಗಡಿಯಲ್ಲಿ ಕೂತು ಹೊರಗೆ ತರುತ್ತಿದ್ದ ಮಾತು ನನಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವಾಗ ಮುಂಗಡ ಯಾರ ಕೈಗೆ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ ಅಂತ ಗಂಡಸರು ಗಂಡಸರಿಗೇ ಹೇಳುವುದು. ಹೆಂಗಸರ ಸಭೆಯಲ್ಲಿ ಮಾತ್ರ ಅವನು ಬಾಗಿಲ ಹತ್ತಿರ ಕೂತು ಮಕ್ಕಳನ್ನು ಆಡಿಸುತ್ತಿದ್ದ. ಅದೂ ಕೆಲಸವೇ.

ಪ್ರಶ್ನೆ: ಅಕ್ಕಾ, ನಾವು ತಾಂಡಾದವರು. ಮಗಳ ಕೈಲಿ ಬರೆಸ್ತಾ ಇದ್ದೀನಿ. ವರ್ಷಾ ವರ್ಷಾ ಜೂನ್ 5ರ ಪರಿಸರ ದಿನಕ್ಕೆ ನಮ್ಮ ಸಂಘಕ್ಕೆ ಸಸಿ ಕೊಡ್ತಾರೆ, ಫೋಟೋ ಹೊಡೀತಾರೆ. ‘ಹೆಣ್ಣು ಅಂದರೆ ಪ್ರಕೃತಿ, ನೀವೇ ಪರಿಸರ ಉಳಿಸಬೇಕು’ ಅಂತ ಭಾಷಣ ಮಾಡಿ ಹೋಗ್ತಾರೆ. ನೀರು ಹಾಕೋರು ನಾವು. ಪ್ಲಾಸ್ಟಿಕ್ ಆರಿಸೋರು ನಾವು. ಕೂಲಿ ಬಿಟ್ಟು ಮೀಟಿಂಗಿಗೆ ಬರೋರೂ ನಾವೇ. ಪರಿಸರ ಗಂಡಸರದ್ದಲ್ವಾ?
(ಸಂಘದ ಸದಸ್ಯೆ, ವಿಜಯಪುರ ತಾಲ್ಲೂಕು)

ಅವ್ವಾರ, ಈ ಪತ್ರ ಓದಿ ಒಬ್ಬಳೇ ಜೋರಾಗಿ ನಕ್ಕೆ. ಆಮೇಲೆ ನಾಚಿಕೆಯಾಯಿತು. ಅಂಥ ಭಾಷಣ ನಾನೂ ಮಾಡಿದ್ದೇನೆ, ಶುರುವಿನ ವರ್ಷಗಳಲ್ಲಿ.

ಆ ಭಾಷಣ ನಿಮ್ಮ ತಾಂಡಾಕ್ಕೆ ಬಹಳ ದೂರದಿಂದ ನಡೆದುಕೊಂಡು ಬಂದಿದೆ. 1970ರಲ್ಲಿ ಎಸ್ಟರ್ ಬೋಸರಪ್ ಎಂಬ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಒಂದು ಮಾತು ತೋರಿಸಿದರು. ಹೊಲದಲ್ಲಿ ದುಡಿಯುವವರು ಹೆಂಗಸರು, ಅಭಿವೃದ್ಧಿ ಅನ್ನುವುದು ಮಾತ್ರ ಅವರನ್ನು ಬಿಟ್ಟು ಮುಂದೆ ಹೋಗಿದೆ ಅಂತ. 1974ರಲ್ಲಿ ಹಿಮಾಲಯದ ರೇಣಿ ಊರಿನ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದರು. ಲೋಕಕ್ಕೆಲ್ಲ ಸುದ್ದಿಯಾಯಿತು. ಹೆಣ್ಣಿಗೂ ಪ್ರಕೃತಿಗೂ ಹುಟ್ಟಿನಿಂದಲೇ ನಂಟು ಅಂತ ಕೆಲವರು ಬರೆದರು. 1992ರಲ್ಲಿ ರಿಯೋ ನಗರದಲ್ಲಿ ದೇಶದೇಶದವರು ಸೇರಿದಾಗ, ಪರಿಸರ ನೋಡಿಕೊಳ್ಳುವುದರಲ್ಲಿ ಹೆಂಗಸರ ಪಾತ್ರ ದೊಡ್ಡದು, ಅವರು ಪೂರ್ತಿಯಾಗಿ ಪಾಲ್ಗೊಳ್ಳಬೇಕು ಅಂತ ಒಂದು ತತ್ವವನ್ನೇ ಸೇರಿಸಿದರು. ಚಲೋ ಮಾತು. ಆದರೆ ಅಲ್ಲಿಂದ ಇಳಿದು ಇಳಿದು ತಾಂಡಾಕ್ಕೆ ಬರುವಷ್ಟರಲ್ಲಿ ‘ಪಾಲ್ಗೊಳ್ಳುವುದು’ ಸವೆದು ‘ಪುಕ್ಕಟೆ ನೀರು ಹಾಕುವುದು’ ಆಗಿದೆ.

ನಮ್ಮ ದೇಶದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅದೇ 1992ರಲ್ಲಿ ಇದನ್ನು ತಿದ್ದಿ ಬರೆದರು. ಹೆಣ್ಣಿಗೂ ಕಾಡಿಗೂ ನಂಟು ಇರುವುದು ಹೆಣ್ಣಾಗಿ ಹುಟ್ಟಿದ್ದಕ್ಕಲ್ಲ. ಕಟ್ಟಿಗೆ ತರುವವಳು, ನೀರು ತರುವವಳು ಆಕೆ, ಹೊಲ ಇಲ್ಲದವಳೂ ಆಕೆ. ಅದಕ್ಕೇ ಕಾಡು ಹೋದರೆ ಮೊದಲು ಆಕೆಗೇ ತಟ್ಟುತ್ತದೆ. ಜಾತಿ, ಬಡತನ, ಆಸ್ತಿ ಬಿಟ್ಟು ಈ ನಂಟನ್ನು ಮಾತಾಡುವುದಕ್ಕೆ ಬರುವುದಿಲ್ಲ ಅಂತ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಊರ ಗೌಡರ ಮನೆಯ ಹೆಂಗಸರಿಗೆ ಯಾರೂ ಸಸಿ ಕೊಟ್ಟು ಫೋಟೋ ಹೊಡೆಯುವುದಿಲ್ಲ, ಗಮನಿಸಿದ್ದೀರಾ?

ಮುಂದಿನ ಜೂನಿಗೆ ಸಸಿ ತಂದಾಗ, ಕೈ ಚಾಚುವ ಮೊದಲು ಕೇಳಿ. ನೀರು ಹಾಕುವ ಕೂಲಿ ಎಷ್ಟು ದಿನದ್ದು, ಯಾವ ಲೆಕ್ಕದಿಂದ? 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗಲೇ ಗಿಡ ನೆಡುವುದು, ಸಾಕುವುದು ಕೂಲಿ ಕೆಲಸ ಅಂತಾಗಿತ್ತು. ಗಂಡು ಹೆಣ್ಣಿಗೆ ಒಂದೇ ಕೂಲಿ ಅಂತಲೂ, ಆರು ವರ್ಷದೊಳಗಿನ ಐದು ಮಕ್ಕಳು ಸೇರಿದರೆ ನೋಡಿಕೊಳ್ಳಲು ಒಬ್ಬರನ್ನು ಇಡಬೇಕು ಅಂತಲೂ ಅದರಲ್ಲಿ ಬರೆದಿತ್ತು. ಹಾಗಾಗಿ ಸಸಿಗೆ ನೀರು ಹಾಕುವುದು ಸೇವೆ ಅಂತ ಯಾರಾದರೂ ಅಂದರೆ ಸುಮ್ನೆ ಒಪ್ಪಬೇಡಿ. ಇನ್ನೊಂದು, ಇದು ಮುಖ್ಯ: ಗಿಡ ದೊಡ್ಡದಾದ ಮೇಲೆ ಅದು ಯಾರದು? ಒಂದೂರಲ್ಲಿ ರಸ್ತೆ ಬದಿಗೆ ಸಂಘದವರು ಹುಣಸೆ ಹಚ್ಚಿದ್ದರು. ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತರು. ಫಲ ಬರುವ ಹೊತ್ತಿಗೆ ಹರಾಜು ಕೂಗಿದರು, ಬೇರೆ ಊರಿನ ಗುತ್ತಿಗೆದಾರ ಹಣ್ಣು ಬಡಿದುಕೊಂಡು ಹೋದ. ಸಸಿ ಹಚ್ಚುವ ದಿನವೇ, ಫಲ ಸಂಘದ್ದು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಕಲು ಇಟ್ಟುಕೊಳ್ಳಿ. ಮಗಳಿಗೆ ಚಂದ ಬರೆಯಲು ಬರುತ್ತದೆ. ಅರ್ಜಿ ಆಕೆಯೇ ಬರೆಯಲಿ.

ಪ್ರಶ್ನೆ: ನಮ್ಮೂರಲ್ಲಿ ಎಲ್ಲರ ಮನೆಗೂ ಗ್ಯಾಸ್ ಬಂದಿದೆ. ಆದರೂ ಹೆಂಗಸರು ಒಲೆ ಉರಿಸ್ತಾರೆ. ಹೊಗೆ ಕೆಟ್ಟದ್ದು ಅಂತ ಎಷ್ಟು ಹೇಳಿದರೂ ಕೇಳಲ್ಲ. ಅರಿವು ಮೂಡಿಸುವುದು ಹೇಗೆ?
(ಶಿಕ್ಷಕರು, ಬೈಲಹೊಂಗಲ)

ಸರ್, ಅರಿವು ಅವರಿಗೆ ನಮಗಿಂತ ಜಾಸ್ತಿ ಇದೆ. ಕಣ್ಣು ಉರಿಯುವುದು ಅವರದು.

ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾಯಿತು. ಸಿಲಿಂಡರ್ ಮನೆ ಹೊಕ್ಕಿತು. ಎರಡನೇ ಸಿಲಿಂಡರ್ ತರುವ ದುಡ್ಡು ಮಾತ್ರ ಬೇರೆಯವರ ಜೇಬಲ್ಲಿ ಉಳಿಯಿತು. ಹೊಲದಿಂದ ಬರುವ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಪುಕ್ಕಟೆ. ಪುಕ್ಕಟೆ ಅಂದರೆ ಯಾರೂ ದುಡ್ಡು ಕೊಡುವುದಿಲ್ಲ, ಹೊತ್ತು ತರುವವಳ ಸೊಂಟದ ಲೆಕ್ಕ ಹಿಡಿಯುವುದಿಲ್ಲ ಅಂತ. ಮೇಲಾಗಿ ಇಪ್ಪತ್ತು ಜೋಳದ ರೊಟ್ಟಿ. ಗ್ಯಾಸಿನ ಮೇಲೆ ಬೇಯಿಸಿ ನೋಡಿ. ದೊಡ್ಡ ಹಂಚು ಕೂರುವುದಿಲ್ಲ, ಕೆಂಡದ ಪಕ್ಕ ನಿಲ್ಲಿಸಿ ಉಬ್ಬಿಸಲು ಆಗುವುದಿಲ್ಲ. ಚಹಾ, ಅನ್ನ ಗ್ಯಾಸಿನ ಮೇಲೆ, ರೊಟ್ಟಿ, ಸ್ನಾನದ ನೀರು ಒಲೆಯ ಮೇಲೆ. ಇದು ಹಟ ಅಲ್ಲ, ಲೆಕ್ಕಾಚಾರ.

2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸರ ಖಾತೆಗೆ ಬರತೊಡಗಿದ ಮೇಲೆ ನಾನು ಹೋಗುವ ಕೆಲವು ಮನೆಗಳಲ್ಲಿ ಸಿಲಿಂಡರ್ ಬೇಗ ಬದಲಾಗುತ್ತಿದೆ. ಕೆಲವು ಮನೆಗಳಲ್ಲಿ ಮಗಳ ಟ್ಯೂಷನ್ನಿಗೆ ಹೋಗಿದೆ, ಒಲೆ ಹಾಗೇ ಇದೆ. ಎರಡನೆಯದಕ್ಕೂ ನಾನು ಬೈಯಲಾರೆ. ನಿಮ್ಮ ಶಾಲೆಯಲ್ಲಿ ಒಂದು ಕೆಲಸ ಮಾಡಿ. ಗಂಡುಮಕ್ಕಳಿಗೆ ಒಂದು ವಾರ ಕಟ್ಟಿಗೆ ತರುವ ಹೋಂವರ್ಕ್ ಕೊಡಿ.

ಪ್ರಶ್ನೆ: ಈ ಕೆಲಸಕ್ಕೆ ಏನು ಓದಬೇಕು? ಸಂಬಳ ಹೇಗಿದೆ? ಇಂಗ್ಲಿಷ್ ಬೇಕೇ ಬೇಕಾ?
(ಮೂವರು ಓದುಗರು, ರಾಮದುರ್ಗ, ತಾಳಿಕೋಟೆ, ಮುಧೋಳ)

ಒಂದೇ ಓದು ಅಂತಿಲ್ಲ. ನಮ್ಮ ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ಇದೆ, ಮಹಿಳಾ ಅಧ್ಯಯನ ಕಲಿಸುತ್ತಾರೆ. ಸಮಾಜಕಾರ್ಯ, ಕೃಷಿ, ಗ್ರಾಮೀಣಾಭಿವೃದ್ಧಿ ಓದಿದವರೂ ಬರುತ್ತಾರೆ. ಕೃಷಿ ಓದಿದವರು ಬಂದರೆ ನನಗೆ ಖುಷಿ. ಮಣ್ಣು, ಬೀಜ ಗೊತ್ತಿದ್ದವರ ಮಾತನ್ನು ಇಂಜಿನಿಯರುಗಳು ಬೇಗ ಕೇಳುತ್ತಾರೆ. ‘ಮಹಿಳೆ’ ಅಂತ ಶುರು ಮಾಡಿದರೆ ಫೋನು ನೋಡುತ್ತಾರೆ. ಲೆಕ್ಕ ಕಲಿಯಿರಿ. ಬಜೆಟ್ ಓದಲು ಕಲಿಯಿರಿ. ಕರ್ನಾಟಕ 2007-08ರಿಂದ ಜೆಂಡರ್ ಬಜೆಟ್ ಪುಸ್ತಕ ಹೊರಡಿಸುತ್ತಿದೆ. ಪೂರ್ತಿ ಹೆಂಗಸರಿಗಾಗಿ ಇರುವ ಯೋಜನೆ ಒಂದು ಭಾಗ, ಕಡಿಮೆಯೆಂದರೆ ನೂರಕ್ಕೆ 30 ಹೆಂಗಸರಿಗೆ ಹೋಗುವಂಥವು ಇನ್ನೊಂದು ಭಾಗ. ಆ 30 ಎಲ್ಲಿಂದ ಬಂತು ಅಂತ ಕೇಳಿದರೆ ಸಭೆಯಲ್ಲಿ ನಿಶ್ಶಬ್ದ ಆಗುತ್ತದೆ. ಅಂಥ ಪ್ರಶ್ನೆ ಕೇಳಲು ಕಲಿಯಿರಿ.

ಇಂಗ್ಲಿಷ್ ಬೇಕು. ವರದಿ ಅದರಲ್ಲೇ. ನನ್ನದು ಕನ್ನಡ ಮಾಧ್ಯಮ. ಮೊದಲ ವರದಿಯನ್ನು ಅಳುತ್ತ ಬರೆದಿದ್ದೆ. ಆದರೆ ಇಂಗ್ಲಿಷ್ ಆಮೇಲೆ ಬರುತ್ತದೆ. ‘ಹ್ವಾದ ಬ್ಯಾಸಿಗ್ಯಾಗ ಎಮ್ಮಿ ಯಾಕ ಮಾರಿದ್ರಿ?’ ಅಂತ ಕೇಳಿ, ಉತ್ತರಕ್ಕೆ ಅರ್ಧ ತಾಸು ಸುಮ್ಮನೆ ಕೂರುವುದು ಎಲ್ಲರಿಗೂ ಬರುವುದಿಲ್ಲ. ನನಗೆ ಇದನ್ನು ಕಲಿಸಿದ್ದು ಕಾಲೇಜಲ್ಲ. ಹಳ್ಳಿ ಹೆಂಗಸರ ಸಂಘ ಕಟ್ಟಿ ಕಲಿಸುತ್ತಿದ್ದ ‘ಮಹಿಳಾ ಸಮಖ್ಯಾ’ ಎಂಬ ಸರ್ಕಾರಿ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಆಗಿನ ಬಿಜಾಪುರ ಒಂದು. ಆ ಸಂಘಗಳಲ್ಲಿ ಬೆಳೆದ, ಸಹಿ ಬಿಟ್ಟರೆ ಬೇರೆ ಅಕ್ಷರ ಬಾರದ ಒಬ್ಬ ಅಮ್ಮ ನನ್ನನ್ನು ತಿಂಗಳುಗಟ್ಟಲೆ ಬೆನ್ನಿಗೆ ಕಟ್ಟಿಕೊಂಡು ತಿರುಗಿದಳು.

ಸಂಬಳ: ನನ್ನ ಮೊದಲ ಸಂಬಳ 5,500 ರೂಪಾಯಿ, ಮತ್ತೊಂದು ಹಳೆಯ ಲೂನಾ. ಈಗ ದಿನದ ಲೆಕ್ಕದಲ್ಲಿ ಕೊಡುತ್ತಾರೆ, ಚೆನ್ನಾಗಿಯೇ ಕೊಡುತ್ತಾರೆ. ಆದರೆ ವರ್ಷದಲ್ಲಿ ಎಷ್ಟು ದಿನ ಕೆಲಸ ಅಂತ ಯಾರೂ ಹೇಳಲ್ಲ. ಯೋಜನೆ ಮುಗಿದರೆ ಕೆಲಸ ಮುಗಿಯಿತು. ಪಿಎಫ್ ಇಲ್ಲ. ಕೂಲಿ ಹೆಂಗಸರ ಹಕ್ಕಿನ ಬಗ್ಗೆ ಬರೆಯುವ ನಾವೂ ಒಂಥರಾ ದಿನಗೂಲಿಯವರೇ. ಇದನ್ನು ಮದುವೆ ಮಾತುಕತೆಯಲ್ಲಿ ಹೇಳಬೇಡಿ, ಅಷ್ಟೇ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಯಾವಾಗಲೂ ನೀವು ಹೋದಿರಿ, ಸರಿ ಮಾಡಿದಿರಿ ಅಂತಿರುತ್ತದೆ. ಎಲ್ಲೂ ಎಡವಿಲ್ಲವಾ?
(ಓದುಗರು, ವಿಜಯಪುರ)

ಎಡವಿದ್ದೇನೆ. ಮೊದಲ ಉತ್ತರದಲ್ಲಿ ಬಾಲ ಇದೆ ಅಂದೆನಲ್ಲ, ಅದೇ ಊರಲ್ಲಿ.

ಬೆಳಿಗ್ಗೆ ಆರಕ್ಕೆ ನೀರು ಅಂತ ಆದ ಮೇಲೆ ನಾನು ಎಂಟು ತಿಂಗಳು ಆ ಕಡೆ ಹೋಗಲಿಲ್ಲ. ಹೋದಾಗ ಅಂಗನವಾಡಿ ಅಕ್ಕನ ಓಣಿಯವರು ಖುಷಿಯಾಗಿ ಕರೆದು ಚುರುಮುರಿ, ಚಹಾ ಕೊಟ್ಟರು. ಅಲ್ಲಿಂದ ಊರಂಚಿನ ಕೇರಿಗೆ ಹೋದೆ. ಒಬ್ಬ ಮುದುಕಿ ಬಾಗಿಲಲ್ಲಿ ಕೂತಿದ್ದಳು. ಮನೆಯೊಳಗೆ ಹಂಡೆ ಖಾಲಿ. ನಲ್ಲಿ ಇದೆ, ನೀರು ಬಿಟ್ಟು ಹೋಗಿದೆ, ತುಂಬಿಟ್ಟವರಿಲ್ಲ. ಸೊಸೆ, ಮೊಮ್ಮಗಳು ಇಬ್ಬರೂ ಐದೂವರೆಗೇ ಟಂಟಂ ಹತ್ತಿ ದ್ರಾಕ್ಷಿ ತೋಟದ ಕೂಲಿಗೆ ಹೋಗಿದ್ದರು. ಆ ಕೇರಿಯ ಅರ್ಧಕ್ಕರ್ಧ ಮನೆ ಹಾಗೇ. ಮೊದಲು ರಾತ್ರಿ ಎರಡಕ್ಕೆ ಬರುತ್ತಿತ್ತು, ನಿದ್ದೆ ಕೆಟ್ಟರೂ ನೀರು ಸಿಗುತ್ತಿತ್ತು. ನಾನು ‘ಸರಿ’ ಮಾಡಿದ ಮೇಲೆ ಸಂಜೆ ಕೂಲಿಯಿಂದ ಬಂದು ಹಳೆ ಬಾವಿಗೆ ಹೋಗುತ್ತಿದ್ದರು. ಎರಡು ಹುಡುಗಿಯರು ಬೆಳಿಗ್ಗೆ ನೀರು ಹಿಡಿಯಲು ಅಂತ ಶಾಲೆಗೆ ತಡವಾಗಿ ಹೋಗತೊಡಗಿದ್ದರು.

ನಾನು ಮುದುಕಿಗೆ, ಎಲ್ಲ ಹೆಂಗಸರನ್ನೂ ಕೇಳಿಯೇ ಆರು ಗಂಟೆ ಅಂತ ಮಾಡಿದ್ದು ಅಂದೆ. ಆಕೆ ನನ್ನ ಕಡೆ ನೋಡಲಿಲ್ಲ. ಅಕ್ಕಿ ಆರಿಸುತ್ತಾ, ‘ನೀವ್ ಯಾರ್ನ ಕೇಳೀರಿ ಬಾಯಾರ?’ ಅಂದಳು.

ಜೋಳದ ಕಾಳಿಟ್ಟು ತುಂಬಿಸಿದ ಆ ಹಾಳೆ ನೆನಪಾಯಿತು. ಸಭೆ ಇಟ್ಟದ್ದು ಹಗಲು ಹನ್ನೊಂದಕ್ಕೆ, ಅಂಗನವಾಡಿ ಅಕ್ಕನ ಕಟ್ಟೆಯ ಮೇಲೆ. ಹನ್ನೊಂದಕ್ಕೆ ಮನೆಯಲ್ಲಿ ಯಾರಿರುತ್ತಾರೋ ಅವರು ಬಂದಿದ್ದರು. ಗುಡಿ ಕಟ್ಟೆಯ ಗಂಡಸರು ಮಾಡಿದ್ದನ್ನೇ ನಾನು ಮಾಡಿದ್ದೆ. ನನ್ನ ವರದಿಯಲ್ಲಿ ‘ಮಹಿಳೆಯರು’ ಅಂತಿತ್ತು. ಯಾವ ಓಣಿಯವರು ಅಂತ ಇರಲಿಲ್ಲ.

ಮತ್ತೆ ಸಭೆ ಆಯಿತು. ಈ ಸಲ ರಾತ್ರಿ ಎಂಟೂವರೆಗೆ, ಕೇರಿಯಲ್ಲೇ. ಮೇಲಿನ ಓಣಿಯ ಕೆಲವು ಹೆಂಗಸರು ಬರಲಿಲ್ಲ. ಯಾಕೆ ಅಂತ ನಿಮಗೂ ಗೊತ್ತು. ಕೇರಿಗೆ ಬೇರೆ ವಾಲ್ವ್ ಕೂರಿಸಬೇಕು, ಸಂಜೆ ಏಳಕ್ಕೆ ಬಿಡಬೇಕು ಅಂತ ಆಯಿತು. ಎರಡು ಸಲ ತಿರುಗಿಸಲು ವಾಟರ್‌ಮನ್ ಜಾಸ್ತಿ ದುಡ್ಡು ಕೇಳಿದ. ನ್ಯಾಯವೇ. ಆ ದುಡ್ಡು ಯಾವ ತಲೆಬರಹದಲ್ಲಿ ಬರೆಯುವುದು ಅಂತ ನಾಲ್ಕು ತಿಂಗಳು ಹೋಯಿತು. ಅಷ್ಟರಲ್ಲಿ ಯೋಜನೆಯ ಅವಧಿ ಮುಗಿಯಿತು, ನನ್ನ ಕಾಂಟ್ರಾಕ್ಟೂ. ವಾಲ್ವ್ ಮಾತ್ರ ಕೂತಿತು.

ಹೋದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಆ ಊರಿನ ಪರಿಚಯದವರು ಹೊಲಕ್ಕೆ ಕರೆದಿದ್ದರು. ಸಜ್ಜಿ ಕಡಬು, ಪುಂಡಿಪಲ್ಲೆ ಉಂಡು ವಾಪಸ್ ಬರುವಾಗ ಕೇರಿಗೆ ಹೊಕ್ಕೆ. ಮುದುಕಿ ತೀರಿಕೊಂಡಿದ್ದಳು. ವಾಲ್ವಿನ ಕೀಲಿ ಈಗ ಸೊಸೆಯ ಹತ್ತಿರ ಇದೆ. ಪುಕ್ಕಟೆ ತಿರುಗಿಸುತ್ತಾಳೆ. ದುಡ್ಡು ಕೇಳಿ ಅರ್ಜಿ ಕೊಟ್ಟಿದ್ದಾಳಂತೆ, ಎರಡು ಸಲ. ಮೂರನೆಯದನ್ನು ಅಲ್ಲೇ ಕೂತು ನಾನು ಬರೆದುಕೊಟ್ಟೆ.